ಅಮರಯ್ಯನ ಕೆಂಪು ಎಣ್ಣೆ

ಹೈದರಾಬಾದಿನ ಮೆಹದಿಪಟ್ಟಣದಲ್ಲಿ, ರೈತು ಬಜಾರಿನ ಹಿಂದಿನ ಗಲ್ಲಿಯಲ್ಲಿ, ತಗಡಿನ ಶೆಡ್ಡಿನ ಮುಂದೆ, ಬಾನೆಟ್ಟಿನೊಳಗೆ ತಲೆ ಹಾಕಿ ಕಣ್ಣು ಮುಚ್ಚಿಕೊಂಡು ನಿಂತ ಮನುಷ್ಯ ಕಂಡರೆ ಅವನೇ ಅಮರಯ್ಯ. ಹೊಸಬರು ನೋಡಿ, ಈತ ನಿಂತಲ್ಲೇ ನಿದ್ದೆ ಹೋದನೇ ಎಂದು ಗಾಬರಿಯಾಗುತ್ತಿದ್ದರು. ಹಳಬರು ಸುಮ್ಮನೆ ಎದುರಿನ ಇರಾನಿ ಹೋಟೆಲಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಅಷ್ಟರಲ್ಲಿ ಅಮರಯ್ಯ ಕಣ್ಣು ತೆರೆದು, ಮೂರನೇ ಸಿಲಿಂಡರಿನ ವಾಲ್ವ್ ಎಂದೋ, ವಾಟರ್ ಪಂಪಿನ ಬೇರಿಂಗ್ ಎಂದೋ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಇಪ್ಪತ್ತೆಂಟು ವರ್ಷ ಹೀಗೆ ನಡೆದರೆ ಯಾರಿಗಾದರೂ ತನ್ನ ಮೇಲೆ ಸ್ವಲ್ಪ ಹೆಚ್ಚೇ ನಂಬಿಕೆ ಬರುತ್ತದೆ, ಅಮರಯ್ಯನಿಗೂ ಬಂದಿತ್ತು. ನಾನು ಹೇಳಹೊರಟಿರುವುದು ಆ ನಂಬಿಕೆಯ ಕತೆ. ಕೊನೆಯಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ಯಾರೂ ಕಾಯಬೇಡಿ.

ಅವನ ಊರು ಶಹಾಪುರದ ಕಡೆಯ ಒಂದು ಹಳ್ಳಿ. ಮಲ್ಲೇಪಲ್ಲಿಯ ಲಾರಿ ಗ್ಯಾರೇಜೊಂದರಲ್ಲಿ ಉಸ್ತಾದನ ಕೈಕೆಳಗೆ ಕೆಲಸ ಕಲಿತು, ಆಮೇಲೆ ಸ್ವಂತ ಶೆಡ್ಡು ಹಾಕಿದವನು. ಗಿರಾಕಿಗಳ ಜೊತೆ ದಖನಿ ಉರ್ದು, ಬಿಡಿಭಾಗದ ಅಂಗಡಿಗಳಲ್ಲಿ ತೆಲುಗು, ಮನೆಯಲ್ಲಿ ಮತ್ತು ಸಿಟ್ಟು ಬಂದಾಗ ಕನ್ನಡ. ಉಸ್ತಾದನಿಂದ ಅವನು ಕಲಿತ ಕೆಲಸಗಳಲ್ಲಿ ಒಂದು ಅವನ ಗುರುತೇ ಆಗಿಬಿಟ್ಟಿತ್ತು. ಆಗಿನ ಜೀಪು, ಟ್ರ್ಯಾಕ್ಟರುಗಳಲ್ಲಿ ಗಾಳಿ ಸೋಸುವ ಡಬ್ಬಿಯ ತಳದಲ್ಲಿ ಒಂದಿಷ್ಟು ಎಣ್ಣೆ ಇರುತ್ತಿತ್ತು. ಧೂಳೆಲ್ಲ ಆ ಎಣ್ಣೆಗೆ ಅಂಟಿ, ಇಂಜಿನ್ನಿಗೆ ಶುದ್ಧ ಗಾಳಿ ಹೋಗುತ್ತಿತ್ತು. ಕಾಲ ಸರಿದು ಕಾಗದದ ಫಿಲ್ಟರ್ ಬಂದಾಗ ಅಮರಯ್ಯನಿಗೆ ಅದು ಸರಿಬರಲಿಲ್ಲ. ಒಣ ಕಾಗದ ಏನು ಧೂಳು ಹಿಡಿದೀತು ಎಂದು ಅವನ ತಕರಾರು. ಹಾಗಾಗಿ ಸರ್ವಿಸಿಗೆ ಬಂದ ಪ್ರತಿ ಗಾಡಿಯ ಫಿಲ್ಟರನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ, ಅದರ ಮಡಿಕೆಗಳ ಮೇಲೆ ತೆಳ್ಳಗೆ ಎಣ್ಣೆ ಸವರುತ್ತಿದ್ದ. ಅದೂ ಯಾವುದೋ ಎಣ್ಣೆಯಲ್ಲ, ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ. ತೆಳುವಾಗಿ ಎಲ್ಲ ಕಡೆ ಹರಡುತ್ತದೆ ಎಂದು. ಮೆಹದಿಪಟ್ಟಣದಲ್ಲಿ ಬೇರೆ ಯಾವ ಮೆಕ್ಯಾನಿಕ್ಕೂ ಹಾಗೆ ಮಾಡುತ್ತಿರಲಿಲ್ಲ. ಫಿಲ್ಟರ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಅಮರಯ್ಯನ ಕೈಯಲ್ಲಿ ಹಾಯ್ದು ಬಂದ ಗಾಡಿ ಎಂದೇ ಅರ್ಥ. ಡ್ರೈವರುಗಳು ತಾವಾಗಿಯೇ ಬಂದು, ಎಣ್ಣೆ ಹಚ್ಚಿಕೊಡಿ ಎಂದು ಕೇಳುತ್ತಿದ್ದರು, ಗುಡಿಯಲ್ಲಿ ವಿಭೂತಿ ಕೇಳಿದ ಹಾಗೆ.

ಆಗ ಊರಿಗೆ ಊರೇ ಗಚ್ಚಿಬೌಲಿ, ಮಾದಾಪುರದ ಕಡೆಗೆ ಹರಿದು ಹೋಗುತ್ತಿದ್ದ ಕಾಲ. ಬಂಡೆ ಸಿಡಿಸಿ ಸಪಾಟು ಮಾಡಿ, ಅಲ್ಲಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಆ ಧೂಳಿನಲ್ಲಿ ಸಾಫ್ಟ್‌ವೇರ್ ಹುಡುಗರನ್ನು ಹತ್ತಿಸಿಕೊಂಡು ಸಾಲುಗಟ್ಟಿ ಓಡುವ ದೊಡ್ಡ ಡೀಸೆಲ್ ಗಾಡಿಗಳಿಗೆ ತಿಂಗಳಿಗೊಮ್ಮೆ ಸರ್ವಿಸ್ ಬೇಕಾಗುತ್ತಿತ್ತು. ಅಂಥ ಒಂದು ಟ್ರಾವೆಲ್ಸಿನ ಹನ್ನೊಂದು ಗಾಡಿಗಳು ಅಮರಯ್ಯನ ಶೆಡ್ಡಿಗೆ ಬರುತ್ತಿದ್ದವು. ಅವುಗಳನ್ನು ಕಳಿಸುತ್ತಿದ್ದ ಮ್ಯಾನೇಜರ್ ಕೇದಾರ, ನಿಜಾಮನ ಕಾಲದಲ್ಲೇ ಸರ್ಕಾರಿ ನೌಕರಿಗೆಂದು ಗುಲ್ಬರ್ಗದಿಂದ ಬಂದು ನೆಲೆನಿಂತ ಮನೆತನದವನು. ಇಂಜಿನಿಯರಿಂಗ್ ಓದಿದ್ದ. ಆಫೀಸಿನಲ್ಲಿ ಇಂಗ್ಲಿಷು, ತೆಲುಗು. ಕನ್ನಡ ತೆಗೆಯುತ್ತಿದ್ದುದು ಏನಾದರೂ ಕೆಟ್ಟ ಸುದ್ದಿ ಹೇಳುವಾಗ ಮಾತ್ರ.

ಆ ಹನ್ನೊಂದರಲ್ಲಿ ಒಂದು ಗಾಡಿಯನ್ನು ತಾಯಪ್ಪ ಓಡಿಸುತ್ತಿದ್ದ. ತಾಯಪ್ಪ ಅಮರಯ್ಯನ ಊರಿನವನೇ, ಮೂವತ್ತರ ಆಸುಪಾಸಿನವ. ಹೆಂಡತಿ ಶೋಭಾಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಬಂದು, ಗಾಜಿನ ಕಟ್ಟಡಗಳಿಗೆ ಕಬ್ಬಿಣ ಕಟ್ಟುವ ಕೆಲಸಕ್ಕೆ ಬಿದ್ದಿದ್ದ. ಅಮರಯ್ಯನ ಹೆಂಡತಿ ಗದಿಗೆಮ್ಮ, ನಮ್ಮೂರ ಹುಡುಗ ಮಾಳಿಗೆ ಮೇಲಿಂದ ಬಿದ್ದು ಸಾಯುವುದನ್ನು ನೋಡಲಾರೆ ಎಂದು ಗಂಡನ ಬೆನ್ನು ಹತ್ತಿದಳು. ಅಮರಯ್ಯ ಅವನಿಗೆ ಗಾಡಿ ಕಲಿಸಿದ, ಲೈಸೆನ್ಸ್ ಮಾಡಿಸಿದ, ಕೇದಾರನ ಮುಂದೆ ನಿಲ್ಲಿಸಿ ಇವನಿಗೆ ನಾನು ಜವಾಬು ಎಂದ. ತಾಯಪ್ಪನ ಹಿಗ್ಗು ಹೇಳತೀರದು. ತಾನು ಕಬ್ಬಿಣ ಕಟ್ಟಿದ ಕಟ್ಟಡದ ಬಾಗಿಲಿಗೇ ಬಿಳಿ ಅಂಗಿ ತೊಟ್ಟು ಗಾಡಿ ತಂದು ನಿಲ್ಲಿಸುತ್ತೇನೆ ಎಂದು ಎಷ್ಟು ಸಲ ಹೇಳಿದನೋ. ಐತವಾರ ಬಂದರೆ ಅಮರಯ್ಯನ ಮನೆಯಲ್ಲಿ ಅವನ ಊಟ. ಗದಿಗೆಮ್ಮ ಅಂದು ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು.

ಜೂನ್ ತಿಂಗಳಲ್ಲಿ ಆ ಗಾಡಿ ಕೈಕೊಡತೊಡಗಿತು. ನಿಂತುಹೋಗುತ್ತಿರಲಿಲ್ಲ, ಸದ್ದು ಮಾಡುತ್ತಿರಲಿಲ್ಲ. ಏಳು ಜನ ಕೂತು ಏಸಿ ಹಾಕಿದರೆ ಏರು ಏರಲೊಲ್ಲದು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎತ್ತಿನ ಬಂಡಿಯ ನಡಿಗೆ. ಎರಡು ವಾರದಲ್ಲಿ ಮೂರು ಸಲ ಆಫೀಸಿಗೆ ತಡವಾಯಿತು. ಮೂರನೇ ಸಲ ಗಾಡಿಯಲ್ಲಿದ್ದವರಿಗೆ ಯಾವುದೋ ವಿದೇಶಿ ಗಿರಾಕಿಯ ಜೊತೆ ಫೋನಿನ ಮಾತುಕತೆ ಇತ್ತಂತೆ, ಅದು ತಪ್ಪಿತು. ದೂರು ಮೇಲಕ್ಕೆ ಹೋಗಿ ಅಲ್ಲಿಂದ ಕೇದಾರನ ತಲೆಗೆ ಬಂತು. ಕೇದಾರ ಗಾಡಿಯನ್ನು ದೊಡ್ಡ ಸರ್ವಿಸ್ ಸೆಂಟರಿಗೆ ಕಳಿಸಿ ಕಂಪ್ಯೂಟರ್ ಹಚ್ಚಿಸಿದ. ಏನೂ ದೋಷವಿಲ್ಲ ಎಂದು ಕಂಪ್ಯೂಟರ್ ಚೀಟಿ ಕೊಟ್ಟಿತು.

ಗಾಡಿಯಲ್ಲಿ ದೋಷವಿಲ್ಲ ಎಂದ ಮೇಲೆ ದೋಷ ಡ್ರೈವರನಲ್ಲೇ ಇರಬೇಕಲ್ಲ. ಡೀಸೆಲ್ ಮಾರಿಕೊಂಡು ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸುವ ದಂಧೆ ಆಗ ಊರೆಲ್ಲ ಇತ್ತು. ಕೇದಾರ ತಾಯಪ್ಪನನ್ನು ಕೂರಿಸಿಕೊಂಡು ಅದನ್ನೇ ಕೇಳಿದ. ತಾಯಪ್ಪ ಇಲ್ಲ ಎಂದ, ಹೆಂಡತಿಯ ಮೇಲೆ ಆಣೆ ಮಾಡಿದ, ಅಳುವಂತಾಗಿ ಅಮರಯ್ಯನ ಶೆಡ್ಡಿಗೆ ಓಡಿ ಬಂದ.

"ಕಾಕಾ, ನಾ ಅಂಥಾವ ಅಲ್ಲಂತ ನಿಮಗ ಗೊತ್ತೈತಿ. ಈಗ ಏನ್ ಮಾಡ್ಲಿ?"

ಅಮರಯ್ಯ ಕೈ ಒರೆಸಿಕೊಂಡು, ಹಿರಿಯನಾದವನು ಹೇಳುವ ಬುದ್ಧಿಮಾತು ಹೇಳಿದ. "ಹಟ ಮಾಡಬ್ಯಾಡೋ ತಮ್ಮಾ. ಸಾಹೇಬರು ಸಿಟ್ಟಿನ್ಯಾಗ ಅದಾರ. ತಪ್ಪಾತ್ರಿ, ಇನ್ನ ಮುಂದ ಹಿಂಗಾಗೂದಿಲ್ಲಂತ ಬರದು ಕೊಟ್ಟು ಕೈ ಮುಗಿ. ಸಿಟ್ಟು ಇಳೀತದ. ಅಷ್ಟರಾಗ ನಾ ಗಾಡಿ ನೋಡ್ತೀನಿ."

ಅವರ ಊರಿನಲ್ಲಿ ಅದು ಸರಿಯೇ. ಅಲ್ಲಿ ದೊಡ್ಡವರ ಮುಂದೆ ತಪ್ಪಾಯಿತು ಎಂದರೆ ತಪ್ಪು ಮಾಡಿದ್ದೇನೆ ಎಂದು ಅರ್ಥವಲ್ಲ. ನಿಮ್ಮ ಮಾತಿಗೆ ಎದುರಾಡುವುದಿಲ್ಲ ಎಂದಷ್ಟೇ ಅರ್ಥ. ಕಟ್ಟೆಯ ಮೇಲೆ ಕೂತ ಹಿರಿಯರು ಹೂಂ ಎನ್ನುತ್ತಾರೆ, ಚಹಾ ಬರುತ್ತದೆ, ಜಗಳ ಮುಗಿಯುತ್ತದೆ. ಮಾದಾಪುರದ ಆಫೀಸಿನಲ್ಲಿ ಚಹಾ ಬರಲಿಲ್ಲ. ಗುಮಾಸ್ತನೊಬ್ಬ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಟೈಪು ಮಾಡಿ ತಂದ, ತಾಯಪ್ಪ ಅದರ ಕೆಳಗೆ ಕನ್ನಡದಲ್ಲಿ ದುಂಡಗೆ ತನ್ನ ಹೆಸರು ಬರೆದ. ಸೀಮೆಎಣ್ಣೆ ಬೆರೆಸಿದ್ದು ನಿಜ ಎಂದು ಆ ಸಾಲುಗಳಲ್ಲಿ ಇತ್ತು.

ಸಂಗತಿ ತಿಳಿದು ಅಮರಯ್ಯ ಕೇದಾರನ ಹತ್ತಿರ ಹೋದ. ಅಂದು ಬುಧವಾರ.

ಕೇದಾರ ಕನ್ನಡದಲ್ಲೇ ಮಾತಾಡಿದ. "ನೋಡ್ರಿ ಅಮರಯ್ಯನವರ, ನೀವು ಜವಾಬು ಅಂದ್ರಿ ಅಂತ ಆ ಮನಶ್ಯಾನ್ನ ಇಟ್ಕೊಂಡೆ. ಗಾಡಿ ನಿಮ್ಮ ಶೆಡ್ಡಿಗೆ ಕಳಸ್ತೀನಿ. ಸೋಮವಾರ ಮುಂಜಾನೆ ಹತ್ತಕ್ಕ ಈ ಕಾಗದ ಹೆಡ್ ಆಫೀಸಿಗೆ ಹೋಗ್ತದ. ಅಷ್ಟರೊಳಗ ಬ್ಯಾರೆ ಕಾರಣ ತೋರಿಸ್ರಿ, ಕಣ್ಣಿಗೆ ಕಾಣೂ ಅಂಥಾದ್ದು. ನಾನ ಕಾಗದ ಹರದು ಒಗೀತೀನಿ. ಅದು ಅಲ್ಲಿ ಹೋತಂದ್ರ ಮಾತ್ರ ನನ್ನ ಕೈಯಾಗ ಏನೂ ಇಲ್ಲ. ಅವನ ಹೆಸರು ಊರಾಗಿನ ಎಲ್ಲಾ ಟ್ರಾವೆಲ್ಸಿಗೂ ಮುಟ್ಟತದ."

ಗುರುವಾರ ಬೆಳಿಗ್ಗೆ ಅಮರಯ್ಯ ಕಣ್ಣು ಮುಚ್ಚಿ ನಿಂತ. ಕಿವಿಗೆ ಏನೂ ಸಿಗಲಿಲ್ಲ. ಇಂಜಿನ್ನು ಹೊಸದರಂತೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಡೀಸೆಲನ್ನು ಬಾಟಲಿಗೆ ಇಳಿಸಿ ಮೂಸಿದ, ಬೆರಳಿನ ನಡುವೆ ತಿಕ್ಕಿದ. ಸೀಮೆಎಣ್ಣೆಯ ಸುಳಿವೂ ಇರಲಿಲ್ಲ. ಆದರೆ ಹೊಸ ಡೀಸೆಲ್ ತುಂಬಿಸಿ ನಾಲ್ಕು ದಿನವಾಗಿತ್ತು, ಅದು ಸಾಕ್ಷಿಯಾಗುವಂತಿರಲಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದ. ಬ್ರೇಕು ಹಿಡಿದುಕೊಂಡಿದೆಯೇ ಎಂದು ಚಕ್ರಗಳನ್ನು ಎತ್ತಿ ತಿರುಗಿಸಿದ. ಕ್ಲಚ್ಚು ನೋಡಿದ. ಟರ್ಬೊದಿಂದ ಬರುವ ಕೊಳವೆಗಳಿಗೆ ಸಾಬೂನು ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಶುಕ್ರವಾರ ಸೈಲೆನ್ಸರ್ ಕಟ್ಟಿಕೊಂಡಿದೆಯೇ ಎಂದು ಅದನ್ನೂ ಬಿಚ್ಚಿದ. ಪ್ರತಿ ಸಲ ಜೋಡಿಸಿಕೊಂಡು ಬಂಜಾರಾ ಹಿಲ್ಸಿನ ಏರಿಗೆ ಒಯ್ಯುವುದು, ಏಸಿ ಹಾಕುವುದು, ಗಾಡಿ ಅರ್ಧ ಏರಿನಲ್ಲಿ ಏದುಸಿರು ಬಿಡುವುದು, ಹಿಂದಿನವರು ಹಾರ್ನ್ ಹೊಡೆದು ಬಯ್ಯುವುದು, ವಾಪಸು ಬರುವುದು. ತಾಯಪ್ಪ ಎರಡೂ ದಿನ ಶೆಡ್ಡಿನ ಮೂಲೆಯಲ್ಲಿ ಹಳೇ ಟೈರಿನ ಮೇಲೆ ಕೂತೇ ಇದ್ದ. ಏನೂ ಕೇಳುತ್ತಿರಲಿಲ್ಲ. ಅವನು ಕೇಳದಿರುವುದೇ ಅಮರಯ್ಯನಿಗೆ ದೊಡ್ಡ ಭಾರವಾಯಿತು. ಶುಕ್ರವಾರ ಸಂಜೆ, ನಾಳೆ ನೀ ಬರಬೇಡ, ಮನೆಯಲ್ಲಿರು ಎಂದು ಹೇಳಿ ಕಳಿಸಿದ.

ಶನಿವಾರ ಬೆಳಿಗ್ಗೆ ಅವನು ತನ್ನ ಕಿವಿಯನ್ನು ಬಿಟ್ಟು ತಲೆಗೆ ಕೆಲಸ ಕೊಟ್ಟ. ಇಂಜಿನ್ನಿಗೆ ಕಾಯಿಲೆಯಿಲ್ಲ, ಅದಕ್ಕೆ ಊಟ ಕಡಿಮೆ ಬೀಳುತ್ತಿದೆ. ಈ ಹೊಸ ಗಾಡಿಗಳಲ್ಲಿ ಎಷ್ಟು ಡೀಸೆಲ್ ಕೊಡಬೇಕು ಎಂದು ತೀರ್ಮಾನಿಸುವುದು ಒಳಗಿನ ಕಂಪ್ಯೂಟರ್. ಅದಕ್ಕೆ ಸುದ್ದಿ ಮುಟ್ಟಿಸಲು ಅಲ್ಲಲ್ಲಿ ಸೆನ್ಸರುಗಳಿವೆ. ಅವುಗಳಲ್ಲಿ ಒಂದು ಸತ್ತಿದ್ದರೆ ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು, ಚೀಟಿಯಲ್ಲಿ ಬರುತ್ತಿತ್ತು. ಸತ್ತಿಲ್ಲ ಎಂದರೆ ಬದುಕಿದ್ದುಕೊಂಡೇ ಯಾವುದೋ ಒಂದು ತಪ್ಪು ಲೆಕ್ಕ ಒಪ್ಪಿಸುತ್ತಿದೆ. ಹಾಗಾದರೆ ಒಂದೊಂದರದೇ ಪ್ಲಗ್ಗು ಕಿತ್ತು ಅದರ ಬಾಯಿ ಮುಚ್ಚಿಸಿ ನೋಡುವುದು. ಯಾವುದರ ಬಾಯಿ ಮುಚ್ಚಿಸಿದಾಗ ಗಾಡಿ ಸುಧಾರಿಸುತ್ತದೋ ಅದೇ ಕಳ್ಳ.

ಎರಡು ಪ್ಲಗ್ಗು ಕಿತ್ತು ನೋಡಿದ, ಗಾಡಿ ಇದ್ದ ಹಾಗೇ ಇತ್ತು. ಮೂರನೆಯದು ಏರ್ ಫಿಲ್ಟರಿನ ಡಬ್ಬಿಯ ಹಿಂದೆ, ದಪ್ಪ ಕೊಳವೆಯ ಮೇಲೆ ಕೂತಿತ್ತು. ಇಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರ್ ಅದು. ಅದರ ಪ್ಲಗ್ಗು ಕಿತ್ತಾಗ ಡ್ರೈವರನ ಮುಂದೆ ಹಳದಿ ದೀಪ ಹೊತ್ತಿಕೊಂಡಿತು. ಹಾಗೇ ಬಂಜಾರಾ ಹಿಲ್ಸಿಗೆ ಒಯ್ದ. ಏಸಿ ಹಾಕಿದ. ಗಾಡಿ ಮೂರನೇ ಗೇರಿನಲ್ಲಿ ಆ ಏರನ್ನು ಏರಿ ಹೋಯಿತು, ಮೇಲೆ ಹೋಗಿ ಇನ್ನೂ ಓಡುತ್ತೇನೆ ಎಂದಿತು. ಅಮರಯ್ಯ ಸ್ಟೀರಿಂಗಿಗೆ ಕೈ ಹಚ್ಚಿ ಕಣ್ಣಿಗೊತ್ತಿಕೊಂಡ. ತಾಯಪ್ಪ ಉಳಿದ ಎಂದು ಒಬ್ಬನೇ ಜೋರಾಗಿ ಹೇಳಿಕೊಂಡ. ಅವನ ಜೀವಮಾನದಲ್ಲಿ ಅಷ್ಟು ಸಂತೋಷವಾದದ್ದು ಎರಡೋ ಮೂರೋ ಸಲ ಇರಬಹುದು.

ಶೆಡ್ಡಿಗೆ ಬಂದು ಎರಡು ಸ್ಕ್ರೂ ಬಿಚ್ಚಿ ಸೆನ್ಸರನ್ನು ಹೊರತೆಗೆದ. ಅದರೊಳಗೆ ಕೂದಲಿನಷ್ಟು ತೆಳು ತಂತಿ ಇರುತ್ತದೆ. ಕರೆಂಟು ಅದನ್ನು ಬಿಸಿಯಾಗಿ ಇಟ್ಟಿರುತ್ತದೆ. ಹಾಯ್ದು ಹೋಗುವ ಗಾಳಿ ಅದನ್ನು ಎಷ್ಟು ತಂಪು ಮಾಡಿತು ಎನ್ನುವುದರ ಮೇಲೆ ಗಾಳಿಯ ಲೆಕ್ಕ. ಬಿಸಿಲಿಗೆ ಹಿಡಿದು ನೋಡಿದರೆ ತಂತಿಯ ಮೇಲೆ ಜಿಗುಟು ಹತ್ತಿ, ಅದರ ಮೇಲೆ ಧೂಳು ಕೂತು ಕಂಬಳಿ ಹೊದಿಸಿದಂತಾಗಿತ್ತು. ಗಾಳಿ ತಾಗದ ತಂತಿ, ಗಾಳಿಯೇ ಬರುತ್ತಿಲ್ಲ ಎಂದು ಹೇಳುತ್ತಿತ್ತು. ಕಂಪ್ಯೂಟರ್ ಅದನ್ನು ನಂಬಿ ಡೀಸೆಲ್ ಕಡಿಮೆ ಮಾಡುತ್ತಿತ್ತು. ಇಷ್ಟೇ. ಆದರೆ ಫಿಲ್ಟರಿನ ಈಚೆ ಬದಿಗೆ ಜಿಗುಟು ಎಲ್ಲಿಂದ ಬಂತು? ಅಮರಯ್ಯ ಕೊಳವೆಯೊಳಗೆ ಬೆರಳು ಹಾಕಿ ಸವರಿ ಹೊರತೆಗೆದ.

ಬೆರಳು ಕೆಂಪಾಗಿತ್ತು.

ಅವನು ಹಳೇ ಟೈರಿನ ಮೇಲೆ ಕೂತುಬಿಟ್ಟ. ತಾಯಪ್ಪ ಎರಡು ದಿನ ಕೂತಿದ್ದ ಟೈರು. ಬೆರಳನ್ನು ಅಂಗಿಗೆ ಒರೆಸಿಕೊಳ್ಳಲೂ ಮನಸ್ಸಾಗದೆ ಅದನ್ನೇ ನೋಡುತ್ತ ಕೂತ. ಮೇ ತಿಂಗಳ ಸರ್ವಿಸಿನಲ್ಲಿ, ತಾಯಪ್ಪನ ಗಾಡಿ ಎಂದು, ಒಂದು ಕೈ ಹೆಚ್ಚೇ ಎಣ್ಣೆ ಹಚ್ಚಿದ್ದು ನೆನಪಿತ್ತು. ಹೋಗಲಿ, ಈ ಒಂದೇ ಗಾಡಿಯೇ? ಹನ್ನೊಂದಕ್ಕೂ ಹಚ್ಚಿದ್ದ. ಇಂದಲ್ಲ ನಾಳೆ ಒಂದೊಂದೇ ಇದೇ ಹಾದಿ ಹಿಡಿಯುವವು.

ಕೇದಾರನ ಆಫೀಸು ಶನಿವಾರ ಮಧ್ಯಾಹ್ನ ಎರಡರವರೆಗೆ ತೆರೆದಿರುತ್ತಿತ್ತು. ಆಗ ಹನ್ನೊಂದೂವರೆ. ಬಸ್ಸು ಹಿಡಿದರೂ ಮುಕ್ಕಾಲು ಗಂಟೆಯ ದಾರಿ.

ಸೆನ್ಸರನ್ನು ಸ್ಪಿರಿಟಿನಲ್ಲಿ ತೊಳೆದು ಕೂರಿಸಿದರೆ ಗಾಡಿ ಸರಿಹೋಗುತ್ತಿತ್ತು, ತನ್ನ ಕೈಕೆಲಸವೂ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಆಗ ತೋರಿಸಲು ಏನುಳಿಯುತ್ತದೆ? ಕಂಪ್ಯೂಟರೇ ಸರಿಯಿದೆ ಎಂದ ಗಾಡಿ ಈಗಲೂ ಸರಿಯಿದೆ ಎಂದರೆ, ಸೀಮೆಎಣ್ಣೆ ಖಾಲಿಯಾಗಿದ್ದಕ್ಕೆ ಸರಿಹೋಯಿತು ಎನ್ನುತ್ತಾರೆ. ತಾಯಪ್ಪನನ್ನು ಉಳಿಸುವ ಸಾಕ್ಷಿ ಆ ಕೆಂಪು ಕೊಳೆ ಒಂದೇ. ಅದನ್ನು ತೋರಿಸಿದರೆ ಅಮರಯ್ಯ ಮುಗಿದ. ತೋರಿಸದಿದ್ದರೆ ತಾಯಪ್ಪ ಮುಗಿದ. ಅವನು ಸೆನ್ಸರನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ, ಶೆಡ್ಡಿನ ಬಾಗಿಲು ಎಳೆದ, ಬಸ್ ನಿಲ್ದಾಣದವರೆಗೆ ಹೋದ. ಮಾದಾಪುರದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಇಪ್ಪತ್ತೆಂಟು ವರ್ಷದಿಂದ ಎಲ್ಲರ ಗಾಡಿಗೂ ತಾನು ಮಾಡಿದ್ದು ಇದೇ ಏನು ಎಂಬ ಒಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾಲ್ಕು ಬಸ್ಸು ಬಿಟ್ಟ ಮೇಲೆ, ಸೋಮವಾರ ಬೆಳಿಗ್ಗೆ ಹೋದರಾಯಿತು, ಇನ್ನೂ ಹೊತ್ತಿದೆ ಎಂದು ಮನೆಗೆ ನಡೆದ.

ಗದಿಗೆಮ್ಮನ ಮುಂದೆ ಮುಚ್ಚಿಡಲಾಗಲಿಲ್ಲ. ಕರವಸ್ತ್ರ ಬಿಚ್ಚಿ ತೋರಿಸಿದ. ಅವಳು ಹತ್ತಿರ ಹಿಡಿದು ನೋಡಿ, ಇದರಾಗ ಏನೈತಿ ಎಂದಳು. ಹೇಳಿದ. ಅವಳು ಅದನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟಳು.

"ಇವತ್ತ ಯಾಕ ಹೋಗಲಿಲ್ಲ?"

"ಹೋಗ್ತೀನಿ. ಸೋಮವಾರ ಐತಲ್ಲ."

"ನಾಳೆ ಆ ಹುಡುಗ ಊಟಕ್ಕ ಬರ್ತಾನ. ಏನ್ ಹೇಳ್ತೀರಿ?"

ಐತವಾರ ತಾಯಪ್ಪ ಬಂದ, ಶೋಭಾಳೂ ಬಂದಳು. ಅಮರಯ್ಯ ತಟ್ಟೆಯ ಮೇಲಿನ ಕಣ್ಣು ಎತ್ತದೆ, ಹುಡುಕಾಕತ್ತೀನಿ, ಸಿಗತೈತಿ ಎಂದ. ಗದಿಗೆಮ್ಮ ಬೇಳೆ ಬಡಿಸುತ್ತಿದ್ದವಳು ಒಂದು ಗಳಿಗೆ ನಿಂತು, ಮತ್ತೆ ಬಡಿಸಿದಳು.

ಸೋಮವಾರ ಅವನು ಎದ್ದದ್ದು ಐದಕ್ಕೆ. ಸ್ನಾನ ಮಾಡಿ, ಲಿಂಗಪೂಜೆ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಎಂಟಕ್ಕೆ ಹೊರಟ. ಆ ಆಫೀಸಿನ ಎದುರಿನ ಚಹಾದ ಗಾಡಿಯ ಹತ್ತಿರ ಒಂಬತ್ತಕ್ಕೆಲ್ಲ ನಿಂತಿದ್ದ. ಒಂದು ಚಹಾ ಕುಡಿದ. ಇನ್ನೊಂದು ಕುಡಿದ. ಹೆಜ್ಜೆ ಮುಂದಕ್ಕೆ ಬರಲೊಲ್ಲದು. ನಿಮಗೆ ಇದು ಹೇಡಿತನ ಎನ್ನಿಸಬಹುದು, ನನಗೂ ಎನ್ನಿಸುತ್ತದೆ. ಆದರೆ ತನ್ನಲ್ಲಿ ಇದ್ದ ಒಂದೇ ಒಂದು ಒಳ್ಳೆಯದನ್ನು ತಾನೇ ಎತ್ತಿ ಕಸದ ಬುಟ್ಟಿಗೆ ಹಾಕಬೇಕಾದವನ ಕಾಲುಗಳ ಬಗ್ಗೆ ನಾನು ಹೆಚ್ಚು ಮಾತಾಡಲಾರೆ. ಅವನು ಒಳಗೆ ಹೋದಾಗ ಹತ್ತೂಮುಕ್ಕಾಲು.

ಕೇದಾರ ಕರವಸ್ತ್ರದಲ್ಲಿದ್ದುದನ್ನು ನೋಡಿದ, ಅಮರಯ್ಯ ಹೇಳಿದ್ದನ್ನು ಕೇಳಿದ. ಓದಿದವನಾದ್ದರಿಂದ ಎರಡನೇ ಮಾತು ಕೇಳದೆ ಅರ್ಥಮಾಡಿಕೊಂಡ.

"ಹನ್ನೊಂದೂ ಗಾಡಿಗಿ ಇದ ಎಣ್ಣಿ ಹಚ್ಚೀರೇನ್ರಿ?"

"ಹೌದ್ರಿ."

"ಮತ್ತ ತಾಯಪ್ಪಂದು ಏನೂ ತಪ್ಪಿಲ್ಲ."

"ಇಲ್ರಿ ಸಾಹೇಬ್ರ. ಬರದು ಕೊಡು ಅಂದಾವ್ನೂ ನಾನ."

ಕೇದಾರ ಗೋಡೆಯ ಗಡಿಯಾರ ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಕಾಗದ ಹತ್ತಕ್ಕ ಹೋತ್ರಿ. ಈಗ ನಾನು ಮ್ಯಾಲಿನವರಿಗೆ ಏನಂತ ಹೇಳ್ಲಿ? ತಪ್ಪು ಮಾಡದಾವನ ಕಡಿಂದ ತಪ್ಪು ಬರಸ್ಕೊಂಡೀನಿ ಅಂತ ಹೇಳ್ಲೇನು? ನನ್ನ ನೌಕರಿನೂ ಹೋಗ್ತದ. ಹತ್ತರೊಳಗ ಬಂದಿದ್ರ ಮಾತು ಬ್ಯಾರೆ ಇತ್ತು."

ಅಮರಯ್ಯ ಕೈ ಮುಗಿದ. ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ. ಕೇದಾರ ಬೇರೆ ಕಡೆ ನೋಡುತ್ತ, ನಾಳೆಯಿಂದ ಗಾಡಿಗಳು ನಿಮ್ಮಲ್ಲಿಗೆ ಬರುವುದಿಲ್ಲ ಎಂದು ಹೇಳಿದ. ಅದನ್ನೂ ಕನ್ನಡದಲ್ಲೇ ಹೇಳಿದ.

ಅಂದು ಸಂಜೆ ತಾಯಪ್ಪನಿಗೆ ಅಮರಯ್ಯ ಹೇಳಿದ್ದು ಇಷ್ಟು: ಗಾಳಿಯ ಸೆನ್ಸರ್ ಕೆಟ್ಟಿತ್ತು, ಸಾಹೇಬರಿಗೆ ತೋರಿಸಿದೆ, ಕಾಗದ ಆಗಲೇ ಹೋಗಿತ್ತು. ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ತಾಯಪ್ಪ ತಲೆಯಾಡಿಸಿ, ನೀವಾದರೂ ಏನು ಮಾಡುತ್ತೀರಿ ಕಾಕಾ ಎಂದ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಯಾವ ಟ್ರಾವೆಲ್ಸಿನವರೂ ತಾಯಪ್ಪನಿಗೆ ಗಾಡಿ ಕೊಡಲಿಲ್ಲ. ಅವನು ಪಟಾನ್‌ಚೆರುವಿನ ಔಷಧದ ಕಾರ್ಖಾನೆಯೊಂದರಲ್ಲಿ ಡ್ರಮ್ಮು ಹೊರುವ ಕೆಲಸಕ್ಕೆ ಸೇರಿದ. ಕೈಯ ಚರ್ಮ ಸುಲಿಯತೊಡಗಿತು, ಕೆಮ್ಮು ಹಿಡಿಯಿತು. ಶೋಭಾ ಅವನ ಮೈಗೆ ಹತ್ತಿದ ಔಷಧದ ವಾಸನೆ ತಾಳದೆ ತವರಿಗೆ ಹೋಗಿ ಕೂತಳು. ಅಮರಯ್ಯನ ಶೆಡ್ಡಿಗೆ ಈಗ ಹಳೇ ಆಟೋ, ಸ್ಕೂಟರುಗಳು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅವನ ಎಣ್ಣೆಯ ಸುದ್ದಿ ಡ್ರೈವರುಗಳಲ್ಲಿ ಹಬ್ಬಿ, ಅವನನ್ನು ನೋಡಿ ನಗುವವರೂ ಇದ್ದರು. ಬಾನೆಟ್ಟಿನಲ್ಲಿ ತಲೆ ಹಾಕಿ ಕಣ್ಣು ಮುಚ್ಚುವುದನ್ನು ಅವನು ಬಿಟ್ಟುಬಿಟ್ಟ. ಕೆಂಪು ಎಣ್ಣೆಯ ಡಬ್ಬಿ ಮೇಲಿನ ಹಲಗೆಯ ಮೇಲೆ ಧೂಳು ತಿನ್ನುತ್ತ ಕೂತಿತು.

ತಾಯಪ್ಪ ಮಾತ್ರ ಐತವಾರ ತಪ್ಪಿಸಲಿಲ್ಲ. ಯಾರದೋ ಹಳೇ ಮೊಪೆಡ್ ಕೊಂಡಿದ್ದ, ಅದರ ಮೇಲೆ ಕೆಮ್ಮುತ್ತ ಬರುತ್ತಿದ್ದ. ರೊಟ್ಟಿ ತಿಂದು, ಹೊರಡುವ ಮುಂಚೆ ಶೆಡ್ಡಿಗೆ ಬಂದು ನಿಂತು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ. "ಕಾಕಾ, ಫಿಲ್ಟರಿಗಿ ಒಂದೀಟು ಎಣ್ಣಿ ಹಚ್ಚಿ ಕೊಡ್ರಿ. ಕಾರ್ಖಾನಿ ರಸ್ತಾ ಭಾಳ ಧೂಳ."

ನೋಡಿ, ಆ ಮೊಪೆಡ್ಡಿನ ಫಿಲ್ಟರ್ ಸ್ಪಂಜಿನದು. ಅದಕ್ಕೆ ಎಣ್ಣೆ ಹಚ್ಚಲೇಬೇಕು. ಅಮರಯ್ಯನ ಎಣ್ಣೆ ಸಲ್ಲುವಂಥ ಗಾಡಿ ಕೊನೆಗೂ ಬಂದಿತ್ತು, ಅವನ ಕೈ ಡಬ್ಬಿಯ ಕಡೆಗೆ ಹೋಗುತ್ತಿರಲಿಲ್ಲ. ಎಣ್ಣೆ ತೀರಿದೆ ಎನ್ನುತ್ತಿದ್ದ. ಮುಂದಿನ ವಾರ ತರಿಸುತ್ತೇನೆ ಎನ್ನುತ್ತಿದ್ದ. ಡಬ್ಬಿ ಇಬ್ಬರ ಕಣ್ಣೆದುರೇ ಹಲಗೆಯ ಮೇಲೆ ಇರುತ್ತಿತ್ತು. ತಾಯಪ್ಪ ಹೂಂ ಎಂದು ಕಿಕ್ ಹೊಡೆದು ಹೋಗುತ್ತಿದ್ದ. ಮನೆಗೆ ಬಂದರೆ ಗದಿಗೆಮ್ಮ, ಇವತ್ತಾದರೂ ಹೇಳಿದ್ರೇನು ಎಂದು ಕೇಳುತ್ತಿದ್ದಳು. ಹೀಗೆ ಎಂಟು ತಿಂಗಳು.

ಶಿವರಾತ್ರಿ ಕಳೆದ ಮೊದಲ ಐತವಾರ ತಾಯಪ್ಪ ಎಣ್ಣೆ ಕೇಳಿದಾಗ ಅವನಿಗೆ ಕೆಮ್ಮು ಬಂತು. ಮೊಪೆಡ್ಡಿನ ಹ್ಯಾಂಡಲ್ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದ. ಅಮರಯ್ಯನಿಗೆ ಇನ್ನು ತಾಳಲಾಗಲಿಲ್ಲ.

"ತಾಯಪ್ಪಾ, ನಿನ್ನ ಗಾಡಿ ಕೆಡಿಸಿದ್ದು ಇದ ಎಣ್ಣಿ. ನನ್ನ ಕೈ. ನಿಂದೇನೂ ಇರಲಿಲ್ಲ."

ತಾಯಪ್ಪ ಬಾಯಿ ಒರೆಸಿಕೊಂಡ. ಅವನ ಮುಖ ಸಡಿಲವಾಯಿತು, ಬಹಳ ದಿನದ ಮೇಲೆ ನಗುವವನಂತೆ ಕಂಡ. "ಗೊತ್ತೈತ್ರಿ ಕಾಕಾ."

"ಗೊತ್ತೈತಿ?"

"ಆಫೀಸಿನ್ಯಾಗ ಇಟ್ಟಿದ್ದ ಲೈಸೆನ್ಸ್ ವಾಪಸ್ ತರಾಕ ಹೋದಾಗ ಕೇದಾರ ಸಾಹೇಬ್ರು ಹೇಳಿದ್ರು. ನಿಮ್ಮ ಬಾಯಿಂದ ಒಮ್ಮಿ ಕೇಳಬೇಕಂತ ಎಣ್ಣಿ ಎಣ್ಣಿ ಅಂತಿದ್ದೆ. ಹೋಗ್ಲಿ ಬಿಡ್ರಿ. ನೀವೇನು ಬೇಕಂತ ಮಾಡಿದ್ರೇನು? ನನ್ನ ಗಾಡಿ ಅಂತ ಪ್ರೀತಿಲೆ ಹಚ್ಚಿದ್ರಿ."

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವನು ಕ್ಷಮಿಸಿದ್ದ, ಕ್ಷಮಿಸಿ ಎಂಟು ತಿಂಗಳಾಗಿತ್ತು. ಆದರೆ ಆ ಪ್ರೀತಿ ಎಂಬ ಮಾತು ಅಮರಯ್ಯನಿಗೆ ಸಲ್ಲುವ ಮಾತಾಗಿರಲಿಲ್ಲ. ಅರ್ಧ ಹೇಳಿ ಅರ್ಧ ಇಟ್ಟುಕೊಳ್ಳುವುದು ಇನ್ನು ಅವನಿಂದ ಆಗಲಿಲ್ಲ.

"ಅದಷ್ಟ ಅಲ್ಲೋ. ನನಗ ಶನಿವಾರ ಮುಂಜಾನೆನ ಸಿಕ್ಕಿತ್ತು. ಸಾಹೇಬರ ಆಫೀಸು ತೆರದಿತ್ತು. ಬಸ್ ಸ್ಟ್ಯಾಂಡಿನ ತನಾ ಹೋಗಿ ವಾಪಸ್ ಬಂದೆ. ಸೋಮವಾರನೂ ಒಂಬತ್ತಕ್ಕ ಅಲ್ಲೇ ಇದ್ದೆ. ಚಹಾ ಕುಡಕೋತ ನಿಂತೆ."

ತಾಯಪ್ಪ ಅವನನ್ನೇ ನೋಡಿದ. ನಗುವ ಹಾಗೆ ಕಂಡಿದ್ದ ಮುಖ ಹಾಗೇ ನಿಂತುಹೋಯಿತು.

"ಐತವಾರ ನಾನೂ ಶೋಭಾನೂ ಊಟಕ್ಕ ಬಂದಿದ್ವಿ," ಎಂದ.

"ಹೌದು."

"ಆವಾಗ ಸೆನ್ಸರ್ ಎಲ್ಲಿತ್ತು?"

"ನನ್ನ ಅಂಗಿ ಜೇಬಿನ್ಯಾಗ."

ಗಲ್ಲಿಯಲ್ಲಿ ಯಾರೋ ತಳ್ಳುಗಾಡಿಯ ಮೇಲೆ ಪೇರಲಹಣ್ಣು ಕೂಗಿಕೊಂಡು ಹೋದರು. ಬಯ್ಯುತ್ತಾನೆ ಎಂದು ಅಮರಯ್ಯ ಕಾದ, ಬಯ್ಯಲಿ ಎಂದು ಬಯಸಿದ. ತಾಯಪ್ಪ ಬಯ್ಯಲಿಲ್ಲ.

"ಎಣ್ಣಿದು ಗೊತ್ತಿತ್ತು ಕಾಕಾ. ಶನಿವಾರದ್ದು ಗೊತ್ತಿರಲಿಲ್ಲ," ಎಂದಷ್ಟೇ ಹೇಳಿದ.

ಅಮರಯ್ಯ ಹಲಗೆಯ ಮೇಲಿನ ಡಬ್ಬಿ ಇಳಿಸಿದ. ಮೊಪೆಡ್ಡಿನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಸ್ಪಂಜು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ ಒಣಗಿಸಿ, ಎಣ್ಣೆ ಹಾಕಿ, ಎಲ್ಲೂ ಹೆಚ್ಚು ಕಡಿಮೆಯಾಗದಂತೆ ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದ. ಅಷ್ಟು ಚೆನ್ನಾಗಿ ಅವನು ಯಾವ ಗಾಡಿಗೂ ಹಚ್ಚಿರಲಿಲ್ಲ. ತಾಯಪ್ಪ ಅದು ಮುಗಿಯುವವರೆಗೆ ನಿಂತಿದ್ದ. ಆಮೇಲೆ ಕಿಕ್ ಹೊಡೆದು, ಬರ್ತೀನ್ರಿ ಎನ್ನದೆ ಹೋದ. ಮೊಪೆಡ್ಡಿನ ಸದ್ದು ಬಜಾರಿನ ತಿರುವಿನವರೆಗೂ ಒಂದೇ ಸಮನಾಗಿ ಕೇಳಿಸಿತು.

ಅಂದು ಮನೆಯಲ್ಲಿ ಗದಿಗೆಮ್ಮ ಕೇಳಿದಳು, "ಹೇಳಿದ್ರೇನು?"

"ಎಲ್ಲಾ ಹೇಳಿದೆ," ಎಂದ ಅಮರಯ್ಯ.

ಮುಂದಿನ ಐತವಾರ ಗದಿಗೆಮ್ಮ ಎಂದಿನಂತೆ ಎರಡು ರೊಟ್ಟಿ ಹೆಚ್ಚಿಗೆ ಬಡಿದಳು. ಮೂರು ಗಂಟೆಯವರೆಗೆ ಕಾದು, ಅವನ್ನು ಅರಿವೆಯಲ್ಲಿ ಸುತ್ತಿಟ್ಟಳು. ಅದರ ಮುಂದಿನ ಐತವಾರವೂ ಬಡಿದಳು. ಮೂರನೆಯ ಐತವಾರ ಅವಳು ಹಿಟ್ಟು ನಾದುವ ಮುಂಚೆ ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. ಅಮರಯ್ಯ ಬೇಡ ಎಂದು ಕೈಯಾಡಿಸಿದ.